ಕಾರಿಗೆ ಯಾವ ಅಲಾರಂ? ಕೂಗುವುದು, ತಡೆಯುವುದು, ಹುಡುಕಿ ಕೊಡುವುದು

ಕಾರ್ ಅಲಾರಂ ಕೊಳ್ಳಲು ಹೋದರೆ ಮೊದಲು ಕಣ್ಣಿಗೆ ಬೀಳುವುದು ಡಬ್ಬದ ಮೇಲಿನ ಉದ್ದ ಪಟ್ಟಿ. ಆರು ಬಗೆಯ ಸೈರನ್ ಸದ್ದು, ಎರಡು ರಿಮೋಟ್, ಶಾಕ್ ಸೆನ್ಸರ್, ಮೊಬೈಲ್ ಆ್ಯಪ್, ಮನೆಯೊಳಗಿಂದಲೇ ಎಂಜಿನ್ ಸ್ಟಾರ್ಟ್. ಪಟ್ಟಿ ಉದ್ದವಾದಷ್ಟೂ ಕಾರು ಭದ್ರ ಅನ್ನಿಸುತ್ತದೆ. ಅದನ್ನು ಪಕ್ಕಕ್ಕಿಟ್ಟು ಅಂಗಡಿಯವರಿಗೆ ಒಂದು ಪ್ರಶ್ನೆ ಕೇಳಿ: ಕಾರಿನ ಅಸಲಿ ಕೀ ಅಥವಾ ಅದರ ಸಿಗ್ನಲ್ ಕಳ್ಳನ ಕೈಗೆ ಸಿಕ್ಕರೂ ಈ ಅಲಾರಂ ಕಾರನ್ನು ನಿಲ್ಲಿಸುತ್ತದಾ? ಇದಕ್ಕೆ ಹೌದು ಅನ್ನುವ ಸಾದಾ ಅಲಾರಂ, ಇಲ್ಲ ಅನ್ನುವ ದುಬಾರಿ ಅಲಾರಂಗಿಂತ ಎಷ್ಟೋ ಮೇಲು.

ಯಾಕೆ ಅಂತ ತಿಳಿಯಲು ಮೊದಲು ಕಳ್ಳತನ ಹೇಗೆ ನಡೆಯುತ್ತದೆ ನೋಡೋಣ.

## ಕಾರು ಹೋಗುವ ದಾರಿಗಳು

ಹಳೆಯ ದಾರಿ ಎಲ್ಲರಿಗೂ ಗೊತ್ತು. ಗಾಜು ಒಡೆದು, ಸ್ಟೀರಿಂಗ್ ಕೆಳಗಿನ ಕವರ್ ಕಿತ್ತು, ಇಗ್ನಿಷನ್ ಬೀಗ ಮುರಿದು ಸ್ಟಾರ್ಟ್ ಮಾಡುವುದು. ಕೀಯೊಳಗೆ ಚಿಪ್ ಬಂದ ಮೇಲೆ ಇದು ಕಷ್ಟವಾಯಿತು. ಚಿಪ್ ಕೊಡುವ ಉತ್ತರ ಸರಿ ಇಲ್ಲದಿದ್ದರೆ ಎಂಜಿನ್ ಕಂಪ್ಯೂಟರ್ ಸ್ಟಾರ್ಟ್ ಆಗಲು ಬಿಡುವುದಿಲ್ಲ. ಇದೇ ಇಮೊಬಿಲೈಸರ್. ಯುರೋಪಿನಲ್ಲಿ 1998ರಿಂದ, ಆಸ್ಟ್ರೇಲಿಯಾದಲ್ಲಿ 2001ರಿಂದ, ಕೆನಡಾದಲ್ಲಿ 2007ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ. ಅಮೆರಿಕದಲ್ಲಿ ಅಂಥ ಕಟ್ಟಳೆ ಇರಲಿಲ್ಲ. ಅಲ್ಲಿ ಹ್ಯುಂಡೈ ಮತ್ತು ಕಿಯಾ ಸುಮಾರು 2011ರಿಂದ 2021ರವರೆಗೆ ಮಾರಿದ ಹಲವು ಮಾದರಿಗಳಲ್ಲಿ ಇಮೊಬಿಲೈಸರ್ ಇರಲಿಲ್ಲ. ಯುಎಸ್‌ಬಿ ಕೇಬಲ್ಲಿನ ತುದಿಯಿಂದ ಇಗ್ನಿಷನ್ ತಿರುಗಿಸುವ ವಿಡಿಯೊಗಳು ಹರಡಿದವು, ಕಾರುಗಳು ಒಂದರ ಹಿಂದೆ ಒಂದು ಹೋದವು. 2023ರಲ್ಲಿ ಕಂಪನಿಗಳು ಉಚಿತವಾಗಿ ಹೊಸ ಸಾಫ್ಟ್‌ವೇರ್ ಕೊಟ್ಟವು. ಅದರಲ್ಲಿ ಎರಡು ಬದಲಾವಣೆ. 30 ಸೆಕೆಂಡು ಕೂಗುತ್ತಿದ್ದ ಅಲಾರಂ ಒಂದು ನಿಮಿಷ ಕೂಗುವಂತಾಯಿತು. ಜೊತೆಗೆ, ಕೀ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆ ಬಂತು. ಎರಡರಲ್ಲಿ ಕಾರು ಉಳಿಸುವುದು ಯಾವುದು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಕೀ ಜೇಬಲ್ಲೇ ಇದ್ದು, ಹ್ಯಾಂಡಲ್ ಮುಟ್ಟಿದರೆ ಬಾಗಿಲು ತೆರೆಯುವ ಕಾರುಗಳ ಕಥೆ ಬೇರೆ. ಇಲ್ಲಿ ಇಬ್ಬರು ಬರುತ್ತಾರೆ. ಒಬ್ಬ ಮನೆಯ ಬಾಗಿಲ ಬಳಿ ಆಂಟೆನಾ ಹಿಡಿದು ನಿಲ್ಲುತ್ತಾನೆ, ಇನ್ನೊಬ್ಬ ಕಾರಿನ ಪಕ್ಕದಲ್ಲಿ. ಕಾರು ಕಳಿಸುವ ಕರೆಯನ್ನು ಇವರ ಪೆಟ್ಟಿಗೆಗಳು ಮನೆಯೊಳಗಿನ ಕೀಗೆ ಮುಟ್ಟಿಸುತ್ತವೆ, ಕೀಯ ಉತ್ತರವನ್ನು ಕಾರಿಗೆ ಮುಟ್ಟಿಸುತ್ತವೆ. ಕೀ ಪಕ್ಕದಲ್ಲೇ ಇದೆ ಅಂತ ಕಾರು ನಂಬುತ್ತದೆ. ಬಾಗಿಲು ತೆರೆಯುತ್ತದೆ, ಬಟನ್ ಒತ್ತಿದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ. ಒಮ್ಮೆ ಶುರುವಾದ ಎಂಜಿನ್ ಕೀ ದೂರ ಹೋಯಿತೆಂದು ತಾನಾಗಿ ನಿಲ್ಲುವುದಿಲ್ಲ. ಓಡುವ ಕಾರು ನಡುರಸ್ತೆಯಲ್ಲಿ ನಿಂತರೆ ಅಪಾಯ ಅಂತ ಹಾಗೆ ಮಾಡಿರುತ್ತಾರೆ.

ಮೂರನೆಯದು ಓಬಿಡಿ ಪೋರ್ಟ್. ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚುವ ಜಾಗ ಅದು, ಸಾಮಾನ್ಯವಾಗಿ ಡ್ರೈವರ್ ಮೊಣಕಾಲಿನ ಹತ್ತಿರ ಇರುತ್ತದೆ. ಹೇಗೋ ಒಳಗೆ ಬಂದವನು ಅಲ್ಲಿಗೆ ಒಂದು ಸಾಧನ ಚುಚ್ಚಿ, ಖಾಲಿ ಕೀಯನ್ನು ಕಾರಿಗೆ ಪರಿಚಯ ಮಾಡಿಸಿಬಿಡುತ್ತಾನೆ. ಹಲವು ಕಾರುಗಳಲ್ಲಿ ಇದು ಕೆಲವೇ ನಿಮಿಷಗಳ ಕೆಲಸ.

ನಾಲ್ಕನೆಯದು ಇನ್ನೂ ಹೊಸದು. 2022ರಲ್ಲಿ ಲಂಡನ್ನಿನಲ್ಲಿ ಇಯಾನ್ ಟೇಬರ್ ಎಂಬವರ ಟೊಯೊಟಾ ಆರ್‌ಎವಿ4 ಕಳುವಾಯಿತು. ಅವರು ಸ್ವತಃ ಕಾರುಗಳ ಸೈಬರ್ ಭದ್ರತೆಯ ಸಂಶೋಧಕರು. ಕಳುವಿಗೆ ಮೊದಲು ಎರಡು ಸಲ ಯಾರೋ ಮುಂದಿನ ಬಂಪರ್ ಎಳೆದು, ಹೆಡ್‌ಲೈಟಿನ ವೈರಿಗೆ ಕೈ ಹಾಕಿದ್ದರು. ಸುಮ್ನೆ ಪುಂಡಾಟ ಅನ್ನಿಸುವಂತಿತ್ತು. ಆಮೇಲೆ ಅವರೂ ಕೆನ್ ಟಿಂಡೆಲ್ ಎಂಬ ತಜ್ಞರೂ ಸೇರಿ ಹುಡುಕಿದಾಗ ಗುಟ್ಟು ಬಯಲಾಯಿತು. ಕಾರಿನ ಎಲ್ಲ ಕಂಪ್ಯೂಟರುಗಳು ಮಾತಾಡಿಕೊಳ್ಳುವ ಕ್ಯಾನ್ ಬಸ್ ಎಂಬ ವೈರ್ ಜೋಡಿ ಹೆಡ್‌ಲೈಟಿನವರೆಗೂ ಬರುತ್ತದೆ. ಅಲ್ಲಿ ಸೇರಿಕೊಂಡು 'ಕೀ ಸರಿ ಇದೆ' ಎಂಬ ಸುಳ್ಳು ಸಂದೇಶ ಕಳಿಸಿದರೆ ಸಾಕು. ಅದಕ್ಕಾಗಿ ಮಾರಾಟವಾಗುತ್ತಿದ್ದ ಸಾಧನ ನೋಡಲು ಬ್ಲೂಟೂತ್ ಸ್ಪೀಕರ್ ತರಹವೇ ಇತ್ತು.

ಇದಲ್ಲದೆ ಮನೆಗೆ ನುಗ್ಗಿ ಕೀಯನ್ನೇ ಎತ್ತಿಕೊಳ್ಳುವುದು ಇದೆ, ಲಾರಿಗೆ ಎತ್ತಿ ಹಾಕಿಕೊಂಡು ಹೋಗುವುದು ಇದೆ. ನೀವು ಲಾಕ್ ಒತ್ತುವಾಗ ಸಿಗ್ನಲ್ ಕೆಡಿಸುವ ಜಾಮರ್ ಹಾಕಿ ಲಾಕ್ ಆಗದಂತೆ ಮಾಡುವುದೂ ಇದೆ. ಅದಕ್ಕೆ ಮದ್ದು ಸುಲಭ: ಬಟನ್ ಒತ್ತಿದ ಮೇಲೆ ಹ್ಯಾಂಡಲ್ ಎಳೆದು ನೋಡಿ.

ಈಗ ಒಂದು ವಿಷಯ ಗಮನಿಸಿ. ಕೀಯ ಸಿಗ್ನಲ್ ಸಾಗಿಸಿದಾಗ, ಕ್ಯಾನ್ ಬಸ್ಸಿಗೆ ಸುಳ್ಳು ಹೇಳಿದಾಗ, ಕೀಯನ್ನೇ ಕದ್ದಾಗ, ಕಂಪನಿಯ ಅಲಾರಂ ಬಾಯಿಯನ್ನೇ ಬಿಡುವುದಿಲ್ಲ. ಮಾಲೀಕರೇ ಬಂದರು ಅಂತ ತಿಳಿದು ಅದು ತಾನಾಗಿಯೇ ಆಫ್ ಆಗಿರುತ್ತದೆ. ಸೈರನ್ ಎಷ್ಟು ಜೋರಾಗಿದ್ದರೂ ಇಲ್ಲಿ ಉಪಯೋಗ ಇಲ್ಲ.

## ನಿಮ್ಮ ಕಾರಿನಲ್ಲಿ ಈಗಾಗಲೇ ಏನಿದೆ

ಹೊಸದನ್ನು ಕೊಳ್ಳುವ ಮೊದಲು ಇರುವುದನ್ನು ಪರೀಕ್ಷೆ ಮಾಡಿ. ಕಿಟಕಿಯ ಗಾಜು ಇಳಿಸಿ, ಕಾರು ಲಾಕ್ ಮಾಡಿ, ಒಂದೆರಡು ನಿಮಿಷ ಬಿಡಿ. ಆಮೇಲೆ ಕೈ ಒಳಗೆ ಹಾಕಿ ಆಡಿಸಿ. ಕೂಗಿದರೆ ಒಳಗಿನ ಚಲನೆ ಗಮನಿಸುವ ಸೆನ್ಸರ್ ಇದೆ. ಕೂಗದಿದ್ದರೆ ಒಳಗಿನ ಹಿಡಿಯಿಂದ ಬಾಗಿಲು ತೆರೆಯಿರಿ. ಆಗ ಕೂಗಿದರೆ ಬಾಗಿಲಿಗೆ ಮಾತ್ರ ಕಾವಲು ಅಂತ ಅರ್ಥ. ಅಂದರೆ ಗಾಜು ಒಡೆದು ಬ್ಯಾಗ್ ಎತ್ತಿಕೊಂಡರೂ ಅದು ಸುಮ್ಮನಿರುತ್ತದೆ. ಆಗಲೂ ಸದ್ದು ಇಲ್ಲದಿದ್ದರೆ ನಿಮ್ಮಲ್ಲಿರುವುದು ಬರೀ ಸೆಂಟ್ರಲ್ ಲಾಕ್. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಮಿಣುಕಿತು ಅಂದಮಾತ್ರಕ್ಕೆ ಅಲಾರಂ ಇದೆ ಅಂತಲ್ಲ. ಎಷ್ಟೋ ಕಾರುಗಳಲ್ಲಿ ಅದು ಇಮೊಬಿಲೈಸರ್ ಕೆಲಸ ಮಾಡುತ್ತಿದೆ ಅನ್ನುವುದರ ಗುರುತು.

## ರಿಮೋಟ್, ಪೇಜರ್, ಆ್ಯಪ್

ಮಾರುಕಟ್ಟೆಯಲ್ಲಿ ಸಿಗುವುದನ್ನು ಮೂರು ಗುಂಪು ಮಾಡಬಹುದು.

ತೀರಾ ಸಾದಾ ಅಲಾರಂನಲ್ಲಿ ರಿಮೋಟ್ ಹೇಳುತ್ತದೆ, ಕಾರು ಕೇಳುತ್ತದೆ, ಅಷ್ಟೇ. ಸೈರನ್ ನಿಮ್ಮ ಕಿವಿಗೆ ಬೀಳುವಷ್ಟು ಹತ್ತಿರ ಕಾರು ನಿಲ್ಲಿಸುವವರಿಗೆ ಇದು ಸಾಕು. ಇದರ ದೊಡ್ಡ ತೊಂದರೆ ಸಂಕೇತದ್ದು. ಪ್ರತಿ ಸಲ ಬೇರೆ ಕೋಡ್ ಕಳಿಸುವ ರಿಮೋಟನ್ನೂ ಮೋಸ ಮಾಡಬಹುದು ಅಂತ 2015ರಲ್ಲಿ ಸ್ಯಾಮಿ ಕಾಮ್ಕರ್ ಎಂಬ ಹ್ಯಾಕರ್ ಡೆಫ್ ಕಾನ್ ಎಂಬ ಹ್ಯಾಕರುಗಳ ಸಮ್ಮೇಳನದಲ್ಲಿ ತೋರಿಸಿದರು. ಅವರ ಸಾಧನ ನಿಮ್ಮ ಮೊದಲ ಒತ್ತುವಿಕೆಯನ್ನು ಕಾರಿಗೆ ಮುಟ್ಟದಂತೆ ತಡೆದು, ಕೋಡ್ ಇಟ್ಟುಕೊಳ್ಳುತ್ತದೆ. ನೀವು ಮತ್ತೆ ಒತ್ತುತ್ತೀರಿ. ಎರಡನೆಯದನ್ನೂ ಹಿಡಿದಿಟ್ಟು, ಮೊದಲನೆಯದನ್ನು ಕಾರಿಗೆ ಕೊಡುತ್ತದೆ. ನಿಮಗೆ ಕೆಲಸ ಆಯಿತು ಅನ್ನಿಸುತ್ತದೆ. ಬಳಸದ ಒಂದು ಕೋಡ್ ಕಳ್ಳನ ಬಳಿ ಉಳಿದಿರುತ್ತದೆ. ಹಾಗಾಗಿ 'ಡೈನಾಮಿಕ್ ಕೋಡ್' ಅಂತ ಹೊಗಳಿಕೊಳ್ಳುವ ಅಲಾರಂಗಿಂತ 'ಡೈಲಾಗ್ ಕೋಡ್' ಇರುವುದನ್ನು ಆರಿಸಿ. ಇಲ್ಲಿ ಕಾರು ಪ್ರತಿ ಸಲ ಹೊಸ ಪ್ರಶ್ನೆ ಕೇಳುತ್ತದೆ. ಹಿಡಿದಿಟ್ಟ ಹಳೆಯ ಉತ್ತರ ಅದಕ್ಕೆ ಹೊಂದುವುದಿಲ್ಲ.

ಎರಡನೆಯದು ಪೇಜರ್ ಇರುವ ಅಲಾರಂ. ಕಾರಿಗೆ ಏನಾದರೂ ಆದರೆ ರಿಮೋಟಿನ ಪುಟ್ಟ ಪರದೆ ಮೇಲೆ ಬರುತ್ತದೆ: ಬಾಗಿಲು ತೆರೆಯಿತು, ಪೆಟ್ಟು ಬಿತ್ತು, ಬಾನೆಟ್ ಎದ್ದಿತು. ಡಬ್ಬದ ಮೇಲೆ ಬರೆದ ದೂರ ಬಯಲಿನ ಲೆಕ್ಕ. ಕಾಂಕ್ರೀಟ್ ಕಟ್ಟಡಗಳ ನಡುವೆ ಅದು ತುಂಬಾ ಇಳಿದುಬಿಡುತ್ತದೆ. ಮೊಬೈಲ್ ನೆಟ್‌ವರ್ಕ್ ಇಲ್ಲದ ಜಾಗದಲ್ಲೂ ನಡೆಯುತ್ತದೆ, ತಿಂಗಳ ಖರ್ಚಿಲ್ಲ. ಅದೇ ಇದರ ಹೆಚ್ಚುಗಾರಿಕೆ.

ಮೂರನೆಯದು ಸಿಮ್ ಇರುವ, ಆ್ಯಪ್‌ನಲ್ಲಿ ನಡೆಯುವ ಅಲಾರಂ. ದೂರದ ಮಿತಿ ಇಲ್ಲ, ಕಾರು ಎಲ್ಲಿದೆ ಅಂತ ಕಾಣುತ್ತದೆ. ಆದರೆ ಎರಡು ಎಚ್ಚರಿಕೆ. ಒಂದು, ಒಳಗಿನ ಮೋಡೆಮ್ ಯಾವ ತಲೆಮಾರಿನದು ಕೇಳಿ. ಅಮೆರಿಕದ ಎಟಿ ಅಂಡ್ ಟಿ ಕಂಪನಿ 2017ರಲ್ಲಿ 2ಜಿ, 2022ರಲ್ಲಿ 3ಜಿ ನಿಲ್ಲಿಸಿತು. ಆಸ್ಟ್ರೇಲಿಯಾದಲ್ಲಿ 2024ರಲ್ಲಿ 3ಜಿ ಮುಗಿಯಿತು. ಅದನ್ನೇ ನಂಬಿದ್ದ ಪೆಟ್ಟಿಗೆಗಳು ಮೂಕವಾದವು. ಹಳೆಯ ಸ್ಟಾಕ್ ಅಗ್ಗಕ್ಕೆ ಸಿಕ್ಕರೆ ಈ ಕಾರಣವೂ ಇರಬಹುದು. ಎರಡು, ಆ್ಯಪ್ ಕೂಡ ಒಂದು ಬಾಗಿಲೇ. 2019ರ ಮಾರ್ಚ್‌ನಲ್ಲಿ ಪೆನ್ ಟೆಸ್ಟ್ ಪಾರ್ಟ್‌ನರ್ಸ್ ಎಂಬ ಬ್ರಿಟಿಷ್ ಸಂಸ್ಥೆ ಪಂಡೋರಾ ಮತ್ತು ವೈಪರ್ ಎಂಬ ಹೆಸರಾಂತ ಸ್ಮಾರ್ಟ್ ಅಲಾರಂಗಳ ಆ್ಯಪ್ ವ್ಯವಸ್ಥೆಯಲ್ಲಿ ದೋಷ ತೋರಿಸಿತು. ಬೇರೆಯವರ ಖಾತೆಯ ಇಮೇಲ್ ಅಥವಾ ಪಾಸ್‌ವರ್ಡ್ ಬದಲಿಸಿ, ಅವರ ಕಾರು ಎಲ್ಲಿದೆ ನೋಡಬಹುದಿತ್ತು, ಬಾಗಿಲು ತೆರೆಯಬಹುದಿತ್ತು. ಕಂಪನಿಗಳು ಬೇಗ ಸರಿಪಡಿಸಿದವು, ಆ ಮಾತು ನಿಜ. ಆದರೆ ಅವುಗಳಲ್ಲಿ ಒಂದು ತನ್ನ ಅಲಾರಂ ಹ್ಯಾಕ್ ಮಾಡಲಾಗದ್ದು ಅಂತ ಜಾಹೀರಾತು ಹಾಕಿತ್ತು! ಕೊಳ್ಳುವಾಗ ಎರಡು ಹಂತದ ಲಾಗಿನ್ ಇದೆಯಾ, ಸಾಫ್ಟ್‌ವೇರ್ ಅಪ್‌ಡೇಟ್ ಈಗಲೂ ಬರುತ್ತಿದೆಯಾ ಅಂತ ನೋಡಿ. ಹೆಸರು ಗೊತ್ತಿಲ್ಲದ ಆ್ಯಪ್‌ಗೆ ನಿಮ್ಮ ಕಾರಿನ ಬಾಗಿಲು ತೆರೆಯುವ ಅಧಿಕಾರ ಕೊಡುವುದಕ್ಕಿಂತ ಆ್ಯಪ್ ಇಲ್ಲದ ಅಲಾರಂ ವಾಸಿ.

## ಸೆನ್ಸರ್‌ಗಳು ಮತ್ತು ಸುಳ್ಳು ಕೂಗು

ಅಲಾರಂ ಮೇಲೆ ಜನ ಬೇಜಾರಾಗುವುದು ಸುಳ್ಳು ಕೂಗಿನಿಂದ. ವಾರಕ್ಕೆರಡು ಸಲ ಸುಮ್ನೆ ಕೂಗುವ ಕಾರಿನ ಕಡೆ ನೆರೆಯವರು ತಿರುಗಿಯೂ ನೋಡುವುದಿಲ್ಲ. ಕೊನೆಗೆ ಮಾಲೀಕರೇ ಅದನ್ನು ಆಫ್ ಮಾಡಿಡುತ್ತಾರೆ. ಈ ಕೂಗಿಗೆ ಕಾರಣ ಹೆಚ್ಚಾಗಿ ತಪ್ಪು ಸೆನ್ಸರ್, ಇಲ್ಲವೇ ತಪ್ಪಾಗಿ ಕೂರಿಸಿದ ಸೆನ್ಸರ್.

ಪೆಟ್ಟು ಗಮನಿಸುವ ಶಾಕ್ ಸೆನ್ಸರ್ ಬಹುತೇಕ ಎಲ್ಲದರಲ್ಲೂ ಬರುತ್ತದೆ. ಎರಡು ಹಂತದ್ದೇ ತೆಗೆದುಕೊಳ್ಳಿ. ಸಣ್ಣ ತಟ್ಟಿಗೆ ಒಂದೆರಡು ಸಲ ಕಿರ್ ಅನ್ನುತ್ತದೆ, ಜೋರಾದ ಪೆಟ್ಟಿಗೆ ಪೂರ್ತಿ ಕೂಗುತ್ತದೆ. ಇದನ್ನು ಕಾರಿನ ಲೋಹದ ಮೈಗೆ ಬಿಗಿಯಾಗಿ ಕೂರಿಸಬೇಕು. ವೈರ್ ಕಟ್ಟಿಗೆ ಸುತ್ತಿ ತೂಗುಬಿಟ್ಟರೆ ಲಾರಿ ಹೋದರೂ ಕೂಗುತ್ತದೆ, ಗಾಜು ಒಡೆದರೂ ಸುಮ್ಮನಿರುತ್ತದೆ.

ಒಳಗಿನ ಚಲನೆ ಹಿಡಿಯಲು ಎರಡು ಬಗೆ ಇವೆ. ಅಲ್ಟ್ರಾಸಾನಿಕ್ ಸೆನ್ಸರ್ ಶಬ್ದದ ಅಲೆಗಳನ್ನು ಕಳಿಸಿ ಗಾಳಿಯ ಕದಲಿಕೆ ಗಮನಿಸುತ್ತದೆ. ಮುಚ್ಚಿದ ಕಾರಿಗೆ ಚೆನ್ನಾಗಿದೆ. ಕಿಟಕಿ ಸ್ವಲ್ಪ ಇಳಿಸಿದ್ದರೆ ಅಥವಾ ಸನ್‌ರೂಫ್ ಎತ್ತಿದ್ದರೆ ಗಾಳಿಗೇ ಕೂಗಬಹುದು. ಮೈಕ್ರೋವೇವ್ ಸೆನ್ಸರ್‌ಗೆ ಗಾಳಿಯ ತೊಂದರೆ ಇಲ್ಲ. ಬಟ್ಟೆ ಟಾಪಿನ ಕಾರಿಗೆ, ಓಪನ್ ಜೀಪಿಗೆ ಇದೇ ಸರಿ. ಆದರೆ ಅದರ ಅಲೆಗಳು ಗಾಜು ದಾಟಿ ಹೋಗುತ್ತವೆ. ಸೂಕ್ಷ್ಮತೆ ಜಾಸ್ತಿ ಇಟ್ಟರೆ ಪಕ್ಕದಲ್ಲಿ ನಡೆದು ಹೋದವರಿಗೂ ಕೂಗುತ್ತದೆ. ನಾಯಿಯನ್ನೋ ಮಲಗಿದ ಮನುಷ್ಯರನ್ನೋ ಒಳಗೆ ಬಿಟ್ಟು ಲಾಕ್ ಮಾಡುವ ಅಭ್ಯಾಸ ಇದ್ದರೆ ಒಳಗಿನ ಸೆನ್ಸರ್ ಮಾತ್ರ ಆಫ್ ಮಾಡುವ ಬಟನ್ ಇದೆಯಾ ಕೇಳಿ.

ನನ್ನ ಪ್ರಕಾರ ಜನ ಕಡೆಗಣಿಸುವ ಒಳ್ಳೆಯ ಸೆನ್ಸರ್ ಅಂದರೆ ಟಿಲ್ಟ್. ಕಾರು ನಿಂತ ಕೋನ ಬದಲಾದರೆ ಕೂಗುತ್ತದೆ. ಟೋ ಮಾಡಿ ಎಳೆಯುವವರು, ಜಾಕ್ ಕೊಟ್ಟು ಚಕ್ರ ಬಿಚ್ಚುವವರು, ಕೆಳಗೆ ನುಗ್ಗಿ ಸೈಲೆನ್ಸರ್ ಪೈಪಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೊಯ್ಯುವವರು, ಇವರೆಲ್ಲ ಬಾಗಿಲು ಮುಟ್ಟುವುದೇ ಇಲ್ಲ. ಟಿಲ್ಟ್ ಇಲ್ಲದಿದ್ದರೆ ಅಲಾರಂಗೆ ಅವರು ಬಂದದ್ದೇ ಗೊತ್ತಾಗುವುದಿಲ್ಲ. ಯಂತ್ರದ ಲಿಫ್ಟ್ ಇರುವ ಪಾರ್ಕಿಂಗಿನಲ್ಲಿ, ಹಡಗಿನಲ್ಲಿ ಕಾರು ಸಾಗಿಸುವಾಗ ಇದನ್ನು ಆಫ್ ಮಾಡಬೇಕು.

ಒಂದನ್ನು ಬೇಡ ಅನ್ನುತ್ತೇನೆ: ಬ್ಯಾಟರಿಯ ವೋಲ್ಟೇಜ್ ಇಳಿತ ನೋಡಿ ಕೂಗುವ ಬಗೆ. ಬಾಗಿಲು ತೆರೆದಾಗ ಒಳಗಿನ ಬಲ್ಬ್ ಹತ್ತಿ ವೋಲ್ಟೇಜ್ ಇಳಿಯುತ್ತದೆ ಅನ್ನುವುದು ಅದರ ತತ್ವ. ಎಲ್‌ಇಡಿ ದೀಪ ಎಳೆಯುವ ಕರೆಂಟ್ ತೀರಾ ಕಡಿಮೆ, ಇಳಿತ ಸಿಗುವುದೇ ಇಲ್ಲ. ಆದರೆ ಎಂಜಿನ್ ಆರಿಸಿದ ಮೇಲೂ ತಿರುಗುವ ರೇಡಿಯೇಟರ್ ಫ್ಯಾನಿಗೆ ಕೂಗಿಬಿಡುತ್ತದೆ.

ಸೈರನ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಆರು ಬಗೆಯ ಸದ್ದಿನಿಂದ ಏನೂ ಆಗಬೇಕಿಲ್ಲ. ವಿಶ್ವಸಂಸ್ಥೆಯ ವಾಹನ ನಿಯಮದ ಪ್ರಕಾರವಂತೂ ಒಂದು ಸಲಕ್ಕೆ 25ರಿಂದ 30 ಸೆಕೆಂಡು ಮಾತ್ರ ಕೂಗಬೇಕು. ಬೇಕಾದದ್ದು ತನ್ನದೇ ಬ್ಯಾಟರಿ ಇರುವ ಸೈರನ್. ಬಾನೆಟ್ ಎತ್ತಿ ಕಾರಿನ ಬ್ಯಾಟರಿಯ ವೈರ್ ಕಿತ್ತರೂ ಅದು ಕೂಗುತ್ತಲೇ ಇರುತ್ತದೆ. ಅದರೊಳಗಿನ ಸೆಲ್ ಕೆಲವು ವರ್ಷಕ್ಕೆ ಸೋಲುತ್ತದೆ. ಆಗ ಕಾರಣವಿಲ್ಲದೆ ಕೂಗಲು ಶುರು ಮಾಡಿದರೆ ಇಡೀ ಅಲಾರಂ ಬದಲಿಸಬೇಡಿ, ಸೈರನ್ ಮಾತ್ರ ಬದಲಿಸಿ. ಬಾನೆಟ್ಟಿಗೂ ಒಂದು ಸ್ವಿಚ್ ಇರಲೇಬೇಕು. ಎಷ್ಟೋ ಕಡೆ ಕೂರಿಸುವವರು ಅದನ್ನು ಬಿಟ್ಟುಬಿಡುತ್ತಾರೆ.

## ದುಡ್ಡು ಹಾಕಬೇಕಾದ್ದು ತಡೆಯುವ ಭಾಗಕ್ಕೆ

ಈಗಿನ ಅಲಾರಂಗಳು ಬಹಳಷ್ಟು ಕ್ಯಾನ್ ಬಸ್ಸಿಗೆ ಸೇರಿಕೊಳ್ಳುತ್ತವೆ. ಬಾಗಿಲು, ಡಿಕ್ಕಿ, ಬಾನೆಟ್ ತೆರೆದದ್ದು ಅಲ್ಲಿಂದಲೇ ತಿಳಿಯುತ್ತದೆ. ವೈರ್ ಕತ್ತರಿಸುವುದು ಕಡಿಮೆ, ಕಾರಿನ ಸ್ವಂತ ಕೀಯಲ್ಲೇ ಅಲಾರಂ ಆನ್ ಆಫ್ ಆಗುತ್ತದೆ. ಜೇಬಲ್ಲಿ ಇನ್ನೊಂದು ರಿಮೋಟ್ ಬೇಡ. ಮಾರುವವರು ಇದನ್ನು ದೊಡ್ಡ ಅನುಕೂಲ ಅಂತ ಹೇಳುತ್ತಾರೆ.

ಆದರೆ ಯೋಚಿಸಿ. ಕೀಯ ಸಿಗ್ನಲ್ ಸಾಗಿಸಿ ಬಾಗಿಲು ತೆರೆದವನಿಗೆ ಈ ಹೊಸ ಅಲಾರಂ ಕೂಡ ಸಲಾಂ ಹೊಡೆಯುತ್ತದೆ. ನೀವು ದುಡ್ಡು ಕೊಟ್ಟು ಇನ್ನೊಬ್ಬ ಕಾವಲುಗಾರನನ್ನು ಇಟ್ಟಿರಿ, ಅವನೂ ಮೊದಲನೆಯವನನ್ನೇ ಕೇಳಿ ಗೇಟು ತೆಗೆಯುತ್ತಾನೆ. ಹಾಗಾಗಿ ಕಾರಿನ ಕೀ ಜೊತೆಗೆ ಬೇರೆ ಒಂದು ಗುರುತು ಕೇಳುವ ಅಲಾರಂ ಅಥವಾ ಇಮೊಬಿಲೈಸರ್ ಬೇಕು. ಆ ಗುರುತು ಎರಡು ಬಗೆ.

ಮೊದಲನೆಯದು ಟ್ಯಾಗ್. ಜೇಬಲ್ಲೋ ಪರ್ಸಿನಲ್ಲೋ ಇಟ್ಟುಕೊಳ್ಳುವ ಚಿಕ್ಕ ಬಿಲ್ಲೆ. ಅದು ಹತ್ತಿರ ಇಲ್ಲದಿದ್ದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಅಥವಾ ಸ್ಟಾರ್ಟ್ ಆಗಿ ಹೊರಡುವಾಗ ನಿಂತುಬಿಡುತ್ತದೆ. ಏನೂ ಮಾಡಬೇಕಿಲ್ಲ, ನೆನಪಿಡಬೇಕಿಲ್ಲ. ಆದರೆ ಟ್ಯಾಗ್ ಅನ್ನು ಕೀ ಗೊಂಚಲಿಗೇ ಸಿಕ್ಕಿಸುವವರು ಜಾಸ್ತಿ. ಮನೆಗೆ ನುಗ್ಗಿದವನು ಗೊಂಚಲು ಎತ್ತಿದರೆ ಎರಡೂ ಒಟ್ಟಿಗೆ ಹೋದಂತೆ. ಬ್ಲೂಟೂತ್ ಟ್ಯಾಗಿನ ಸಿಗ್ನಲ್ಲನ್ನೂ ಸಾಗಿಸಲು ಸಾಧ್ಯ. 2022ರಲ್ಲಿ ಎನ್‌ಸಿಸಿ ಗ್ರೂಪ್ ಎಂಬ ಭದ್ರತಾ ಸಂಸ್ಥೆ ಟೆಸ್ಲಾ ಮಾಡೆಲ್ 3ರ ಬ್ಲೂಟೂತ್ ಕೀಯನ್ನು ಹಾಗೆ ಮೋಸ ಮಾಡಿ ತೋರಿಸಿತು. ಬೀದಿಯ ಕಳ್ಳ ನಿಮ್ಮ ಕೀ ಮತ್ತು ಟ್ಯಾಗ್ ಎರಡನ್ನೂ ಒಟ್ಟಿಗೆ ಸಾಗಿಸುವುದು ಕಷ್ಟ, ಆದರೂ ಅಸಾಧ್ಯ ಅಲ್ಲ.

ಎರಡನೆಯದು ಪಿನ್. ಕಾರಿನಲ್ಲೇ ಇರುವ ಬಟನ್‌ಗಳನ್ನು ನೀವು ಹೇಳಿದ ಕ್ರಮದಲ್ಲಿ ಒತ್ತಬೇಕು. ಸ್ಟೀರಿಂಗಿನ ವಾಲ್ಯೂಮ್ ಎರಡು ಸಲ, ಕಿಟಕಿಯ ಬಟನ್ ಒಂದು ಸಲ, ಹೀಗೆ. ಪಕ್ಕದಲ್ಲಿ ಕೂತವರಿಗೂ ಗೊತ್ತಾಗದಂತೆ ಒತ್ತಬಹುದು. ಗಾಳಿಯಲ್ಲಿ ಹಾರುವ ಸಿಗ್ನಲ್ ಇಲ್ಲ, ಕದಿಯಲು ವಸ್ತು ಇಲ್ಲ. ಹೊಸ ಕೀ ಮಾಡಿಸಿಕೊಂಡವನಿಗೂ, ಅಸಲಿ ಕೀ ಕದ್ದವನಿಗೂ ಇದು ಅಡ್ಡ ನಿಲ್ಲುತ್ತದೆ. ಪ್ರತಿ ಸಲ ಒತ್ತುವುದು ಕಿರಿಕಿರಿ ಅನ್ನುವವರಿದ್ದಾರೆ. ಒಂದು ವಾರದಲ್ಲಿ ಸೀಟ್ ಬೆಲ್ಟ್ ಹಾಕುವಷ್ಟೇ ಸಹಜವಾಗುತ್ತದೆ. ಟ್ಯಾಗ್, ಪಿನ್ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಪಿನ್ ಆರಿಸುತ್ತೇನೆ. ಮನೆಯಲ್ಲಿ ನಾಲ್ಕೈದು ಜನ ಒಂದೇ ಕಾರು ಓಡಿಸುತ್ತಿದ್ದು, ಯಾರಾದರೂ ಮರೆಯುವವರಿದ್ದರೆ ಮಾತ್ರ ಟ್ಯಾಗ್ ಸರಿ.

ಎಂಜಿನ್ ತಡೆಯುವ ಬಗೆಯಲ್ಲೂ ವ್ಯತ್ಯಾಸ ಇದೆ. ಸಾಮಾನ್ಯ ಅಲಾರಂ ಸ್ಟಾರ್ಟರಿನ ವೈರಿಗೆ ಒಂದು ರಿಲೇ, ಅಂದರೆ ಕರೆಂಟ್ ಕಡಿಯುವ ಸ್ವಿಚ್ ಹಾಕುತ್ತದೆ. ಅಲಾರಂ ಪೆಟ್ಟಿಗೆಯ ಪಕ್ಕದಲ್ಲೇ ಆ ರಿಲೇ ಇದ್ದರೆ, ಎರಡು ವೈರ್ ಸೇರಿಸಿದರೆ ಮುಗಿಯಿತು. ಫ್ಯೂಯೆಲ್ ಪಂಪ್ ಅಥವಾ ಇಗ್ನಿಷನ್ ಸರ್ಕ್ಯೂಟಿನಲ್ಲಿ, ಹುಡುಕಲು ಕಷ್ಟವಾದ ಜಾಗದಲ್ಲಿ ರಿಲೇ ಇಡುವುದು ಇನ್ನೂ ಒಳ್ಳೆಯದು. ಕ್ಯಾನ್ ಬಸ್ ಮೂಲಕವೇ ಎಂಜಿನ್ ತಡೆಯುವ ಇಮೊಬಿಲೈಸರ್‌ನಲ್ಲಿ ಕತ್ತರಿಸಿದ ವೈರ್ ಕೂಡ ಇರುವುದಿಲ್ಲ, ಕಳ್ಳನಿಗೆ ಹುಡುಕಲು ಗುರುತೇ ಸಿಗುವುದಿಲ್ಲ. ಆದರೆ ನಿಮ್ಮ ಕಾರಿನ ಮಾದರಿ ಮತ್ತು ವರ್ಷಕ್ಕೆ ಅದು ಹೊಂದಬೇಕು.

ಒಂದು ಕಟ್ಟುನಿಟ್ಟಿನ ಮಾತು. ಓಡುವ ಕಾರಿನ ಎಂಜಿನ್ ತಟ್ಟನೆ ನಿಲ್ಲಿಸುವ ಯಾವುದನ್ನೂ ಹಾಕಿಸಬೇಡಿ. ಎಂಜಿನ್ ನಿಂತರೆ ಸ್ಟೀರಿಂಗ್ ಬಿಗಿಯಾಗುತ್ತದೆ, ಒಂದೆರಡು ಸಲ ತುಳಿದ ಮೇಲೆ ಬ್ರೇಕ್ ಕೂಡ ಗಟ್ಟಿಯಾಗುತ್ತದೆ. ಕಾರು ನಿಂತಾಗ ಅಥವಾ ತೀರಾ ನಿಧಾನವಾದಾಗ ಮಾತ್ರ ತಡೆಯುವಂಥದ್ದನ್ನೇ ಕೇಳಿ.

## ಮನೆಯೊಳಗಿಂದ ಎಂಜಿನ್ ಸ್ಟಾರ್ಟ್

ಹಿಮ ಬೀಳುವ ಕಡೆ ಅಥವಾ ಸುಡು ಬಿಸಿಲಿನ ಕಡೆ ಇದು ಸುಖ ಹೌದು. ಕಳ್ಳತನದ ಲೆಕ್ಕದಲ್ಲಿ ನಷ್ಟ. ರಿಮೋಟ್ ಸ್ಟಾರ್ಟ್ ಆಗಬೇಕಾದರೆ ಕಾರಿನ ಸ್ವಂತ ಇಮೊಬಿಲೈಸರ್‌ಗೆ ಕೀ ಇದೆ ಅಂತ ಯಾರೋ ಹೇಳಬೇಕು ತಾನೇ? ಹಳೆಯ ಪದ್ಧತಿಯಲ್ಲಿ ಒಂದು ಅಸಲಿ ಚಿಪ್ ಕೀಯನ್ನೇ ಡ್ಯಾಶ್‌ಬೋರ್ಡಿನೊಳಗೆ ಅಡಗಿಸಿ ಇಡುತ್ತಾರೆ. ಕಂಪನಿ ಕೊಟ್ಟ ಒಳ್ಳೆಯ ತಡೆಯನ್ನು ನಾವೇ ಬಿಚ್ಚಿ ಇಟ್ಟಂತೆ. ಬೇಕೇ ಬೇಕು ಅಂದರೆ ಕೀ ಅಡಗಿಸದೆ, ಎಲೆಕ್ಟ್ರಾನಿಕ್ ಮಾಡ್ಯೂಲ್ ಮೂಲಕ ಮಾಡುವ ಬಗೆ ಕೇಳಿ. ಗೇರ್ ಬದಲಿಸುವ ಕಾರಾದರೆ ಇನ್ನೊಂದು ಅಪಾಯ: ಗೇರಿನಲ್ಲಿ ಬಿಟ್ಟ ಕಾರು ಸ್ಟಾರ್ಟ್ ಆದಾಗ ಮುಂದಕ್ಕೆ ಜಿಗಿಯಬಹುದು.

## ಹೋದ ಮೇಲೆ ಹುಡುಕುವುದು

ಟ್ರ್ಯಾಕರ್ ಕಳ್ಳತನ ತಡೆಯುವುದಿಲ್ಲ. ಲಾರಿಗೆ ಎತ್ತಿ ಹಾಕಿಕೊಂಡು ಹೋದರೆ ಮಾತ್ರ ಬೇರೇನೂ ಕೆಲಸಕ್ಕೆ ಬರುವುದಿಲ್ಲ, ಇದೇ ಗತಿ.

ಜಿಪಿಎಸ್‌ಗೆ ಆಕಾಶ ಕಾಣಬೇಕು, ಸಿಮ್‌ಗೆ ನೆಟ್‌ವರ್ಕ್ ಬೇಕು. ನೆಲಮಾಳಿಗೆಯಲ್ಲಿ, ಕಬ್ಬಿಣದ ಕಂಟೇನರಿನಲ್ಲಿ ಎರಡೂ ಸೋಲುತ್ತವೆ. ಜಾಮರ್ ಇದ್ದವನಿಗೂ ಸೋಲುತ್ತವೆ. ಇದಕ್ಕೆ ಒಂದು ಜಾಣ ಉತ್ತರ, ವೈರ್ ಇಲ್ಲದ, ಸ್ವಂತ ಬ್ಯಾಟರಿಯ ಟ್ರ್ಯಾಕರ್. ಅದು ಇಡೀ ದಿನ ಮಲಗಿರುತ್ತದೆ, ದಿನಕ್ಕೆ ಒಂದೆರಡು ಸಲ ಎದ್ದು ಜಾಗ ತಿಳಿಸಿ ಮತ್ತೆ ಮಲಗುತ್ತದೆ. ಮಲಗಿದ್ದಾಗ ಏನನ್ನೂ ಕಳಿಸದ ಕಾರಣ ಸಾಧನ ಹಿಡಿದು ಹುಡುಕಿದರೂ ಸಿಗುವುದು ಕಷ್ಟ. ಕದ್ದ ಕಾರನ್ನು ಟ್ರ್ಯಾಕರ್ ಇದೆಯಾ ನೋಡಲು ಕೆಲವು ದಿನ ಎಲ್ಲೋ ನಿಲ್ಲಿಸಿ ಬಿಡುವ ರೂಢಿ ಕಳ್ಳರಲ್ಲಿ ಇದೆ. ಆ ದಿನಗಳಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ರೇಡಿಯೊ ಅಲೆಯಿಂದ ಹುಡುಕುವ ಪದ್ಧತಿಯೂ ಉಂಟು. ಅಮೆರಿಕದ ಲೋಜ್ಯಾಕ್ 1986ರಲ್ಲಿ ಮಸಾಚುಸೆಟ್ಸ್‌ನಲ್ಲಿ ಶುರು ಮಾಡಿದ್ದು ಇದನ್ನೇ, ಪೊಲೀಸ್ ಕಾರುಗಳಲ್ಲೇ ರಿಸೀವರ್ ಇಟ್ಟು. ಈ ಅಲೆ ಗೋಡೆ ದಾಟುವುದರಲ್ಲಿ ಜಿಪಿಎಸ್‌ಗಿಂತ ಗಟ್ಟಿ.

ಏರ್‌ಟ್ಯಾಗ್ ತರಹದ, ಇರುವ ಜಾಗವನ್ನು ಫೋನಿನಲ್ಲಿ ತೋರಿಸುವ ಬಿಲ್ಲೆಯನ್ನು ಸೀಟಿನಡಿ ಹಾಕಿ ನಿಶ್ಚಿಂತೆಯಾಗಿರುವವರು ಒಂದು ತಿಳಿದಿರಲಿ. ಯಾರನ್ನೂ ಗುಟ್ಟಾಗಿ ಹಿಂಬಾಲಿಸಬಾರದು ಅಂತ, ಅಪರಿಚಿತ ಟ್ಯಾಗ್ ನಿಮ್ಮ ಜೊತೆ ಚಲಿಸುತ್ತಿದೆ ಎಂದು ಅದು ಹತ್ತಿರದ ಫೋನಿಗೆ ತಾನೇ ಹೇಳುತ್ತದೆ. ಆ ಫೋನ್ ಕಳ್ಳನದೂ ಆಗಿರಬಹುದು. ಇದ್ದರೆ ಇರಲಿ, ಅದೊಂದನ್ನೇ ನಂಬಬೇಡಿ. ಜಾಗ ತಿಳಿದರೂ ನೀವೇ ಬೆನ್ನಟ್ಟಬೇಡಿ, ಪೊಲೀಸರಿಗೆ ಕೊಡಿ.

## ಬ್ಯಾಟರಿ ಮತ್ತು ಕೂರಿಸುವವರು

ಅಲಾರಂ ಸದಾ ಸ್ವಲ್ಪ ಕರೆಂಟ್ ಕುಡಿಯುತ್ತದೆ. 20 ಮಿಲಿಆಂಪಿಯರ್ ಅಂದರೆ ಏನೂ ಅಲ್ಲ ಅನ್ನಿಸಬಹುದು. ಬ್ಯಾಟರಿಯ ಚಾರ್ಜ್ ಅಳೆಯುವ ಆಂಪಿಯರ್-ಅವರ್ (ಎಎಚ್) ಲೆಕ್ಕದಲ್ಲಿ ದಿನಕ್ಕೆ ಅರ್ಧ ಎಎಚ್‌ನಷ್ಟು ಆಗುತ್ತದೆ. 30 ದಿನ ನಿಂತರೆ 14 ಎಎಚ್‌ಗೂ ಮೇಲೆ. 45 ಎಎಚ್ ಬ್ಯಾಟರಿಯ ಸುಮಾರು ಮೂರನೇ ಒಂದು ಪಾಲು, ಕಾರಿನ ಸ್ವಂತ ಖರ್ಚು ಬೇರೆ. ವಾರಗಟ್ಟಲೆ ನಿಲ್ಲಿಸುವ ಕಾರಾದರೆ ಈ ಅಂಕಿ ಕೇಳಿಯೇ ಕೊಳ್ಳಿ. ಸಿಮ್ ಇರುವ ಅಲಾರಂ ಸಾಮಾನ್ಯವಾಗಿ ಹೆಚ್ಚು ಕುಡಿಯುತ್ತದೆ.

ಕೂರಿಸುವವರ ಕೈಗುಣ ಅಲಾರಂ ಬ್ರ್ಯಾಂಡಿಗಿಂತ ಮುಖ್ಯ. ಎಲ್ಲ ಪೆಟ್ಟಿಗೆಯನ್ನೂ ಸ್ಟೀರಿಂಗ್ ಕೆಳಗೇ ತುರುಕುವವರು ಕೆಲಸ ಬೇಗ ಮುಗಿಸುತ್ತಾರೆ. ಕಳ್ಳ ಮೊದಲು ಕೈ ಹಾಕುವುದೂ ಅಲ್ಲಿಗೇ. ವೈರ್ ಸುಲಿದು ಹಾಗೇ ಸುತ್ತಿ ಟೇಪ್ ಹಾಕುತ್ತಾರಾ, ಅಥವಾ ಬೆಸುಗೆ ಹಾಕಿ ಮುಚ್ಚುತ್ತಾರಾ ಕೇಳಿ. ಬ್ಯಾಟರಿಯಿಂದ ಬರುವ ವೈರಿಗೆ, ಬ್ಯಾಟರಿ ಹತ್ತಿರವೇ ಫ್ಯೂಸ್ ಇರಬೇಕು. ಇಲ್ಲದಿದ್ದರೆ ಬೆಂಕಿಯ ಭಯ. ವಾರಂಟಿ ಇರುವ ಕಾರಾದರೆ ಕಾರು ಕಂಪನಿಯ ಒಪ್ಪಿಗೆ ಏನು, ವಿಮೆಯವರು ಯಾವ ಪ್ರಮಾಣಪತ್ರ ಕೇಳುತ್ತಾರೆ ಅಂತ ಮೊದಲೇ ವಿಚಾರಿಸಿ. ಬ್ರಿಟನ್ನಿನಲ್ಲಿ ಥ್ಯಾಚಮ್ ಎಂಬ ಸಂಸ್ಥೆ ಇಂಥವನ್ನು ಪರೀಕ್ಷಿಸಿ ದರ್ಜೆ ಕೊಡುತ್ತದೆ. 1ನೇ ದರ್ಜೆ ಅಂದರೆ ಅಲಾರಂ ಮತ್ತು ಇಮೊಬಿಲೈಸರ್ ಎರಡೂ, 2ನೇ ದರ್ಜೆ ಅಂದರೆ ಇಮೊಬಿಲೈಸರ್ ಮಾತ್ರ. ಆ ಮಾದರಿಯ ದರ್ಜೆ ನಿಮ್ಮಲ್ಲಿ ಇದ್ದರೆ ಡಬ್ಬದ ಹೊಗಳಿಕೆಗಿಂತ ಅದನ್ನು ನಂಬಿ.

ಸರ್ವೀಸಿಗೆ ಬಿಡುವಾಗ ಪಿನ್ ಹೇಳಬೇಡಿ, ತಡೆಯನ್ನು ತಾತ್ಕಾಲಿಕವಾಗಿ ಬಿಡಿಸುವ ವ್ಯಾಲೆ ಮೋಡ್ ಹಾಕಿ ಕೊಡಿ. ವಾಪಸ್ ಬಂದಾಗ ಅದನ್ನು ತೆಗೆಯಲು ಮರೆಯಬೇಡಿ.

## ಯಾರಿಗೆ ಯಾವುದು

ಚಿಪ್ ಕೀ ಇಲ್ಲದ ಹಳೆಯ ಕಾರು: ಸಾದಾ ಅಲಾರಂ, ಅಡಗಿಸಿದ ಫ್ಯೂಯೆಲ್ ಪಂಪ್ ರಿಲೇ, ಜೊತೆಗೆ ಕಣ್ಣಿಗೆ ಕಾಣುವ ಸ್ಟೀರಿಂಗ್ ಲಾಕ್. ಆ್ಯಪ್‌ಗೆ ದುಡ್ಡು ಹಾಕುವ ಅಗತ್ಯ ಇಲ್ಲ.

ಬಟನ್ ಸ್ಟಾರ್ಟಿನ ಹೊಸ ಕಾರು: ಅಲಾರಂ ಸಾಮಾನ್ಯವಾಗಿ ಇರುತ್ತದೆ. ಅದಕ್ಕೆ ಇನ್ನೊಂದು ಅಲಾರಂ ಸೇರಿಸುವ ಬದಲು ಪಿನ್ ಇಮೊಬಿಲೈಸರ್ ಹಾಕಿಸಿ. ಓಬಿಡಿ ಪೋರ್ಟಿಗೆ ಬೀಗ ಹಾಕಿಸಿ. ರಾತ್ರಿ ಕೀಯನ್ನು ಸಿಗ್ನಲ್ ತಡೆಯುವ ಚೀಲದಲ್ಲಿ ಇಡಿ. ಚೀಲ ಸರಿ ಇದೆಯಾ ಅಂತ ನೋಡುವುದು ಸುಲಭ: ಕೀ ಅದರೊಳಗೆ ಹಾಕಿ ಕಾರಿನ ಪಕ್ಕ ನಿಂತು ಹ್ಯಾಂಡಲ್ ಎಳೆಯಿರಿ. ತೆರೆದರೆ ಚೀಲ ಬಿಸಾಕಿ. ಬಟ್ಟೆಯೊಳಗಿನ ಲೋಹದ ಪದರ ಸವೆಯುತ್ತದೆ, ಆಗಾಗ ನೋಡುತ್ತಿರಬೇಕು.

ಕಾರು ನಿಲ್ಲಿಸುವ ಜಾಗ ದೂರ, ಸೈರನ್ ಕೇಳಿಸುವುದಿಲ್ಲ ಅನ್ನುವವರು: ನೆಟ್‌ವರ್ಕ್ ಚೆನ್ನಾಗಿದ್ದರೆ ಆ್ಯಪ್ ಅಲಾರಂ, ಇಲ್ಲದಿದ್ದರೆ ಪೇಜರ್. ಯಾವುದಾದರೂ ಸರಿ, ಟಿಲ್ಟ್ ಸೆನ್ಸರ್ ಇರಲಿ.

ಒಳಗಿಟ್ಟ ಸಾಮಾನಿನದೇ ಚಿಂತೆ ಅನ್ನುವವರು: ಒಳಗಿನ ಸೆನ್ಸರ್ ಮತ್ತು ಗಾಜು ಒಡೆದ ಸದ್ದು ಹಿಡಿಯುವ ಮೈಕ್. ಇವರಿಗೆ ಮಾತ್ರ ಸೈರನ್ನಿನ ಜೋರು ನಿಜವಾಗಿ ಕೆಲಸಕ್ಕೆ ಬರುತ್ತದೆ.

ಬಾಡಿಗೆ ಅಥವಾ ಲೀಸಿನ ಕಾರು, ವೈರ್ ಮುಟ್ಟುವಂತಿಲ್ಲ ಅನ್ನುವವರಿಗೆ ಉಳಿಯುವುದು ಮೂರೇ: ಗಟ್ಟಿ ಸ್ಟೀರಿಂಗ್ ಲಾಕ್, ಕೀ ಚೀಲ, ಸ್ವಂತ ಬ್ಯಾಟರಿಯ ಟ್ರ್ಯಾಕರ್. ಟ್ರ್ಯಾಕರ್ ಇಡುವ ಮೊದಲು ಮಾಲೀಕರಿಗೆ ಒಂದು ಮಾತು ತಿಳಿಸಿ, ಕಾರು ವಾಪಸ್ ಕೊಡುವ ದಿನ ಅದನ್ನು ತೆಗೆದುಕೊಳ್ಳಿ.